ಹಿರಿಯರು ಬಿಟ್ಟ ತುಂಡು

ನನ್ನ ಕತ್ತಿಯ ಕೈಚಳಕ ನೋಡಲು ಹಂದಿಗಳೇ ಸಾಲುಗಟ್ಟುತ್ತವೆ ಎಂದರೆ ನೀವು ನಂಬುವುದಿಲ್ಲ, ಬೇಡ ಬಿಡಿ. ಆದರೆ ಇಡೀ ಒಕಿನಾವಾದಲ್ಲಿ ಹಂದಿಮಾಂಸ ಮಾರುವವರ ಪೈಕಿ ಈ ಸೇಯ್‌ತೊಕುವಿನ ಮುಂದೆ ಉಳಿದವರೆಲ್ಲ ಈರುಳ್ಳಿ ಹೆಚ್ಚುವವರು. ಮೂವತ್ತು ವರ್ಷದಿಂದ ನನ್ನ ಅಂಗಡಿಗೇ ಬರುವ ಮಕಾತೊ ಅಜ್ಜಿಯ ಹೆಸರಿನಲ್ಲಿ ಊರ ಕಚೇರಿಯ ಮುಂದೆ ಒಂದು ಹಲಗೆ ಎದ್ದಿತು: "ತೊಂಬತ್ತೇಳು ವರ್ಷ. ಮಾಂಸ ಮುಟ್ಟದ ಬಾಳು."

ಓದಿ ನಾನು ಕೂಗಿದ ಕೂಗಿಗೆ ಬಂದರಿನ ದೋಣಿಗಳು ಒಂದು ಮಾರು ಹಿಂದೆ ಸರಿದವು.

ತೊಂಬತ್ತೇಳಕ್ಕೆ ಮನುಷ್ಯ ಮತ್ತೆ ಮಗುವಾಗುತ್ತಾನೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಕೈಗೆ ಕಾಗದದ ಗಿರಗಿಟ್ಟಲೆ ಕೊಟ್ಟು, ತೆರೆದ ಕಾರಿನಲ್ಲಿ ಕೂರಿಸಿ ಮೆರವಣಿಗೆ ಮಾಡುತ್ತೇವೆ. ಅವತ್ತು ಅಜ್ಜಿಯ ಸರದಿ. ಬೆಳಗ್ಗೆಯೇ ಅಂಗಡಿಗೆ ಬಂದ ಅಜ್ಜಿಯ ಮುಖ ಕೆಂಡವಾಗಿತ್ತು.

"ಲೇ ಸೇಯ್‌ತೊಕು, ಟೀವಿಯೋರು ಬರ್ತಾರೆ, ಮನೇಲಿ ಹಿರಿಯರ ಪೀಠದ ಮೇಲೂ ಹಂದಿ ಇಡ್ಬಾರ್ದು ಅಂತಾರೆ ಕಣೋ ಕಚೇರಿಯೋರು! ನನ್ ಗಂಡನ ಮುಂದೆ ಏನಿಡ್ಲಿ? ತೋಫುನಾ? ಬದುಕಿದ್ದಾಗ್ಲೇ ಅದನ್ನ ಕಂಡ್ರೆ ಮುಖ ತಿರುಗಿಸ್ತಿದ್ದ ಮಹಾರಾಯ!"

"ಮಾಂಸ ತಿನ್ನಲ್ಲ ಅಂತ ಆ ಟೋಕಿಯೋ ಡಾಕ್ಟ್ರಿಗೆ ನೀವೇ ಹೇಳಿದ್ರಂತಲ್ಲ ಅಜ್ಜಿ?"

"ಹೇಳ್ದೆ. ಮಾಂಸ ಹಿರಿಯರದು. ಅವರು ಉಂಡಾದ್ಮೇಲೆ ಕೆಳಗಿಳಿಸಿ, ಬಿಟ್ಟಿದ್ದನ್ನ ತಿಂತೀನಿ. ಅದು ನಾನ್ ತಿಂದ್ಹಂಗಾ?"

ಊರಿನ ಮುದುಕಿಯರೆಲ್ಲ ಹೀಗೇ ಹೇಳುತ್ತಾರೆ. ದೀರ್ಘಾಯುಸ್ಸಿನ ಗುಟ್ಟು ಹುಡುಕಿ ಬಂದಿದ್ದ ಪಾಪದ ಡಾಕ್ಟರ್ ಹತಾನೊ 'ಮಾಂಸ ತಿನ್ನಲ್ಲ' ಎಂದಷ್ಟೇ ಬರೆದುಕೊಂಡು ಹೋಗಿದ್ದ, ಕಚೇರಿಯವರು ಅದನ್ನೇ ಹಲಗೆಗೆ ಏರಿಸಿದ್ದರು.

ಹಂದಿ ಹೊಟ್ಟೆಯ, ಚರ್ಮ ಸಮೇತ ಮೂರು ಪದರದ ತುಂಡನ್ನು ಎಲೆಯಲ್ಲಿ ಸುತ್ತಿಕೊಂಡು ಇಬ್ಬರೂ ಕಚೇರಿಗೆ ಹೊರಟೆವು. ನನ್ನ ಹೆಜ್ಜೆಗೆ ರಸ್ತೆ ಬಿರುಕು ಬಿಟ್ಟಿತು, ಅಜ್ಜಿಯ ಹೆಜ್ಜೆಗೆ ಎರಡಾಗಿ ಸೀಳಿತು. ಅಲ್ಲಿ ಗುಮಾಸ್ತ ನಕಂದಕಾರಿ ಅಡ್ಡ ಬಂದ.

"ಅಜ್ಜಿ, ಆ ಪೊಟ್ಟಣ ಒಳಗಿಟ್ಕೊಳ್ಳಿ, ಕ್ಯಾಮೆರಾ ಇದೆ!"

"ನೀನೇ ಒಳಗ್ಹೋಗು, ನೀನೇನು ಚೆನ್ನಾಗ್ ಕಾಣ್ತೀಯಾ?"

ಅಲ್ಲೇ ನಿಂತಿದ್ದ ಡಾಕ್ಟರ್ ಹತಾನೊಗೆ ನಾನು ಹಿರಿಯರು ಬಿಟ್ಟ ತುಂಡಿನ ಲೆಕ್ಕ ಬಿಡಿಸಿ ಹೇಳಿದೆ. ಅವನು ಮೆಲ್ಲಗೆ ಕೇಳಿದ: "ಹಾಗಾದ್ರೆ ವರ್ಷಕ್ಕೆ ಎಷ್ಟು ಸಲ ಇಳಿಸ್ಕೊಳ್ತೀರಿ ಅಜ್ಜಿ?"

"ಹೊಸ ವರ್ಷ, ಸಮಾಧಿ ಪೂಜೆ, ಹಿರಿಯರ ಹಬ್ಬ, ಗಂಡನ ತಿಥಿ, ಅತ್ತೆ ತಿಥಿ. ಅರ್ಧ ದಿನ ಬೇಯಿಸಿ, ಕೊಬ್ಬು ಬಸಿದು. ಉಳಿದ ದಿನ ಗೆಣಸು, ತೋಫು, ಸೊಪ್ಪು. ಎರಡನ್ನೂ ಕೇಳ್ಬೇಕಿತ್ತಲ್ಲಪ್ಪ?"

"ಬರೀ ಸೊಪ್ಪಿನಿಂದ್ಲೇ ಇಷ್ಟು ಆಯುಸ್ಸು ಅಂದ್ರೆ ಜನಕ್ಕೆ ಬೇಗ ಅರ್ಥ ಆಗುತ್ತೆ," ಎಂದ ಗುಮಾಸ್ತ.

ಆಗ ಅಜ್ಜಿಯ ದನಿ ತಗ್ಗಿತು. ಗುಡುಗನ್ನೇ ಹೆದರಿಸುವ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

"ಬರೀ ಸೊಪ್ಪಾ? ಯುದ್ಧದ ವರ್ಷ ಗುಹೆಯಲ್ಲಿ ಗೆಣಸಿನ ಎಲೆ ತಿಂದೆ, ಆಮೇಲೆ ಹುಲ್ಲು. ನನ್ ಮಕ್ಕಳಿಬ್ರೂ ಅದನ್ನೇ ತಿಂದ್ರು. ಒಬ್ಬನಿಗೆ ಒಂಬತ್ತು, ಒಬ್ಳಿಗೆ ಆರು. ಅಲ್ಲಿಗೇ ನಿಂತೋಯ್ತು. ಅವರ ವಯಸ್ಸನ್ನೂ ಬರೀರಿ ನಿಮ್ ಹಲಗೆ ಮೇಲೆ. ಅವರಿಗೆ ಇಡೋ ತುಂಡನ್ನೂ ಇವತ್ತು ಬೇಡ ಅಂತೀರಾ?"

ಡಾಕ್ಟರ್ ತನ್ನ ಪುಸ್ತಕದ ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದ. ಆಮೇಲೆ ಪೊಟ್ಟಣವನ್ನು ಎರಡೂ ಕೈಯಲ್ಲಿ ಈಸಿಕೊಂಡು ಅಜ್ಜಿಯ ಮನೆಯ ದಾರಿ ಹಿಡಿದ. ಅದು ಬೆಂದು ಪೀಠದ ಮೇಲೆ ಕೂರುವವರೆಗೆ, ಅಂದರೆ ಅರ್ಧ ದಿನ, ಅಜ್ಜಿ ಕಾರು ಹತ್ತಲಿಲ್ಲ. ಟೀವಿಯವರು ಬಿಸಿಲಲ್ಲಿ ಒಣಗಿದರು.

ಹಲಗೆಯನ್ನು ನಾನೇ ಒಂದೇ ಕಿರುಬೆರಳಲ್ಲಿ ಕಿತ್ತೆ. ಒಳ್ಳೆಯ ಗಟ್ಟಿ ಮರ. ಈಗ ಅದರ ಮೇಲೆಯೇ ಮಾಂಸ ಕತ್ತರಿಸುತ್ತೇನೆ.