ಒಳಗೆ ಹೋಗಿ ಎಬ್ಬಿಸು

ನಮ್ಮ ಆಫೀಸಿನಲ್ಲಿ ಕುಡಿಯುವ ನೀರಿನ ಕ್ಯಾನಿನ ಹಿಂದೆ ಗೋಡೆಗೆ ಒಂದು ಚೀಟಿ ಅಂಟಿಸಿದೆ: ‘ಮೊದಲು ಒಳಗೆ ಹೋಗು, ಆಮೇಲೆ ಎಬ್ಬಿಸು.’ ಕೆಲಸಕ್ಕೆ ಸೇರಿದ ದಿನವೇ ಅದನ್ನು ಓದಿದ್ದೆ. ಹೇಗೆ ಮಾಡಬೇಕೆಂದು ಎರಡನೆಯ ದಿನ ತೋರಿಸಿಕೊಟ್ಟರು. ಯಾಕೆ ಹಾಗೆ ಮಾಡಬೇಕೆಂದು ಯಾರೂ ಹೇಳಲಿಲ್ಲ. ಐದು ತಿಂಗಳಾದರೂ ನಾನು ಕೇಳಲೂ ಇಲ್ಲ.

ಒಂದು ಕಣ್ಣಿನ ಆಸ್ಪತ್ರೆಯ ವೆಬ್‌ಸೈಟನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ರೋಗಿಗಳು ಅದರಲ್ಲಿ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳುತ್ತಾರೆ. ಸಮಯ ಗೊತ್ತಾದರೂ ಬದಲಾದರೂ ಅವರ ಮೊಬೈಲಿಗೆ ಮೆಸೇಜು ಹೋಗುತ್ತದೆ. ಇದನ್ನೆಲ್ಲ ನಡೆಸುವ ಪ್ರೋಗ್ರಾಂ ದೂರದ ಸರ್ವರೊಂದರಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತದೆ. ಅದಕ್ಕೆ ಬೇಕಾದ ವಿವರಗಳೆಲ್ಲ ಒಂದು ಸೆಟ್ಟಿಂಗ್ಸ್ ಫೈಲಿನಲ್ಲಿ ಇರುತ್ತವೆ: ರೋಗಿಗಳ ಪಟ್ಟಿ ಎಲ್ಲಿದೆ, ಮೆಸೇಜು ಯಾವ ಕಂಪನಿಯ ಮೂಲಕ ಹೋಗಬೇಕು, ಮೆಸೇಜಿನಲ್ಲಿ ಏನು ಬರೆದಿರಬೇಕು. ಪ್ರೋಗ್ರಾಂ ಈ ಫೈಲನ್ನು ಓದುವುದು ಶುರುವಾಗುವಾಗ ಒಂದೇ ಒಂದು ಸಲ. ಬೆಳಿಗ್ಗೆ ಕನ್ನಡಿ ನೋಡಿಕೊಂಡು ಹೊರಟವರು ಆಮೇಲೆ ದಿನವಿಡೀ ಅದೇ ಮುಖ ಎಂದುಕೊಂಡಿರುವಂತೆ. ಹಾಗಾಗಿ ಫೈಲಿನಲ್ಲಿ ಏನು ತಿದ್ದಿದರೂ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಇದನ್ನೇ ನಮ್ಮಲ್ಲಿ ‘ಎಬ್ಬಿಸುವುದು’ ಅನ್ನುತ್ತಾರೆ.

ಆ ಫೈಲಿನ ಕೊನೆಯಲ್ಲಿ ‘ಪರೀಕ್ಷೆಯ ನಂಬರು’ ಎಂಬ ಸಾಲೊಂದಿದೆ. ಅದು ಖಾಲಿ ಇದ್ದರೆ ಮೆಸೇಜು ರೋಗಿಗಳಿಗೆ ಹೋಗುತ್ತದೆ. ಅಲ್ಲಿ ಯಾವುದಾದರೂ ನಂಬರು ಬರೆದಿದ್ದರೆ ಎಲ್ಲರ ಮೆಸೇಜೂ ಆ ಒಂದೇ ನಂಬರಿಗೆ ಹೋಗುತ್ತದೆ. ಮೂರು ವಾರದ ಹಿಂದೆ ನನಗೆ ಮೆಸೇಜು ಸರಿಯಾಗಿ ಹೋಗುತ್ತದೆಯೇ ಎಂದು ನೋಡುವ ಕೆಲಸ ಕೊಟ್ಟಿದ್ದರು. ಸರ್ವರಿನಲ್ಲೇ ನನ್ನದೊಂದು ಫೋಲ್ಡರು ಮಾಡಿಕೊಂಡು, ಸೆಟ್ಟಿಂಗ್ಸ್ ಫೈಲಿನ ಪ್ರತಿಯನ್ನು ಅದೇ ಹೆಸರಿನಲ್ಲಿ ಅಲ್ಲಿ ಇಟ್ಟು, ಪರೀಕ್ಷೆಯ ನಂಬರಿನ ಜಾಗದಲ್ಲಿ ದೊಡ್ಡಮ್ಮನ ನಂಬರು ಬರೆದಿದ್ದೆ. ನಾನು ದೊಡ್ಡಮ್ಮನ ಮನೆಯಲ್ಲೇ ಇರುವುದು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಆಫೀಸಿಗೆ ಹೊರಡುವ ಮುಂಚೆ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಬಟ್ಟೆಯ ಪುಟ್ಟ ದಿಂಬಿಗೆ ಚುಚ್ಚಿಟ್ಟು ಹೋಗಬೇಕು. ಬೆಳಕು ಸಾಲದು ಎಂದು ಅವಳ ದೂರು. ಬಲ್ಬು ಎರಡು ಸಲ ಬದಲಾಯಿಸಿದ್ದೇವೆ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಕಣ್ಣಿನ ಪೊರೆ ತೆಗೆಯುವ ಡಾಕ್ಟರು ಗುರುವಾರ ಊರಲ್ಲಿರುವುದಿಲ್ಲ, ಒಂದು ತಿಂಗಳು ಬರುವುದೂ ಇಲ್ಲ. ಗುರುವಾರಕ್ಕೆ ಹೇಳಿದ್ದ ನಲವತ್ಮೂರು ಜನರನ್ನು ಬುಧವಾರ, ಎಂದರೆ ಮಾರನೆಯ ದಿನವೇ, ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಬೇಕು. ಮೆಸೇಜಿನ ಮಾತನ್ನು ತಿದ್ದಿ ಪ್ರೋಗ್ರಾಂ ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಗುಣಿತ ತಪ್ಪೀತೆಂದು ನಾನು ಮೊದಲು ನನ್ನ ಫೋಲ್ಡರಿನ ಪ್ರತಿಯಲ್ಲಿ ಬರೆದು ನೋಡಿದೆ. ಸರಿಯಿತ್ತು. ಅದನ್ನೇ ನಿಜವಾದ ಫೈಲಿಗೂ ಹಾಕಿದೆ. ಇನ್ನು ಎಬ್ಬಿಸಬೇಕು. ವಾಡಿಕೆಯಂತೆ ಪ್ರೋಗ್ರಾಮಿನ ಫೋಲ್ಡರಿನ ಒಳಗೆ ಹೋಗಿ ಆಜ್ಞೆ ಕೊಡಬೇಕಿತ್ತು. ನಾನು ನನ್ನ ಫೋಲ್ಡರಿನಲ್ಲೇ ಇದ್ದೆ. ಪ್ರೋಗ್ರಾಂ ಎಲ್ಲಿದೆ ಎಂದು ಪೂರ್ತಿ ವಿಳಾಸ ಕೊಟ್ಟರೆ ಇಲ್ಲಿಂದಲೂ ಎಬ್ಬಿಸಬಹುದಲ್ಲ ಎಂದುಕೊಂಡೆ. ಕೊಟ್ಟೆ. ಎದ್ದಿತು. ವೆಬ್‌ಸೈಟ್ ತೆರೆದು ನೋಡಿದೆ, ನೆಟ್ಟಗಿತ್ತು. ಹತ್ತು ಗಂಟೆಗೆ ‘ನಲವತ್ಮೂರು ಮೆಸೇಜು ಹೋಗಿವೆ’ ಎಂದು ತೆರೆಯ ಮೇಲೆ ಬಂತು. ಆ ಬೆಳಿಗ್ಗೆ ನನ್ನ ಬಗ್ಗೆ ನನಗೇ ಸ್ವಲ್ಪ ಸಮಾಧಾನವಿತ್ತು.

ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ದೊಡ್ಡಮ್ಮನ ಫೋನು ಬಂತು.

“ಏನೇ, ನನಗೆ ಎಷ್ಟು ಕಣ್ಣಿದೆ ಅಂದ್ಕೊಂಡಿದೀರಾ ನೀವೆಲ್ಲ?”

“ಯಾಕೆ ದೊಡ್ಡಮ್ಮ?”

“ನಾಳೆ ಒಂಬತ್ತು ಗಂಟೆಗೆ ಕಣ್ಣು ತೋರಿಸ್ಕೊಳ್ಳೋಕೆ ಬಾ ಅಂತ ನಲವತ್ತು ಸಲ ಕರೆದಿದಾರೆ. ಇಂದ್ರನಿಗೂ ಇಷ್ಟು ಮರ್ಯಾದೆ ಸಿಕ್ಕಿರಲ್ಲ. ಫೋನು ಬಟ್ಟೆ ಗಂಟಿನ ಕೆಳಗೆ ಗುಂಯ್ ಗುಂಯ್ ಅಂತ ಒಂದೇ ಸಮ. ಮತ್ತೆ ನಿನ್ನ ಪರೀಕ್ಷೆ ತಾನೇ? ಹೇಳ್ಬಾರ್ದಾ ಮೊದಲೇ?”

ನಾನು ಡಬ್ಬಿ ಮುಚ್ಚಿದೆ. “ಸರಿಯಾಗಿ ಎಣಿಸ್ತೀಯಾ?” ಅಂದೆ.

ಅವಳು ಎಣಿಸಿದಳು. ನಲವತ್ಮೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನನ್ನ ಮೇಲಿನವರನ್ನು ಎಲ್ಲರೂ ನಿಧಾನಪ್ಪ ಎಂದು ಕರೆಯುತ್ತಾರೆ. ಏನು ಹೇಳಿದರೂ ಅವರ ಮೊದಲ ಮಾತು ‘ನಿಧಾನ, ನಿಧಾನ.’ ಈ ಪ್ರೋಗ್ರಾಂ ಏಳು ವರ್ಷದ ಹಿಂದೆ ಬರೆದವರು ಅವರೇ. ಚೀಟಿಯೂ ಅವರದೇ. ಅವರ ಮೇಜು ನನ್ನದಕ್ಕೆ ಎರಡು ಮಾರು ದೂರ. ಆದರೂ ಎದ್ದು ಹೋಗಿ ಹೇಳಲಿಲ್ಲ. ಕಂಪ್ಯೂಟರಿನಲ್ಲೇ ಟೈಪ್ ಮಾಡಿ ಕಳಿಸಿದೆ: ‘ಸರ್, ಮೆಸೇಜುಗಳು ನಮ್ಮ ದೊಡ್ಡಮ್ಮನಿಗೆ ಹೋಗಿವೆ.’

ಅವರು ಓದಿದರು. ಎದ್ದು ನಿಂತು ನನ್ನತ್ತ ನೋಡಿದರು. “ಇಷ್ಟು ಹತ್ತಿರ ಕೂತು ಕಾಗದ ಬರೀತಿದೀಯಲ್ಲಮ್ಮ. ಯಾವ ಮೆಸೇಜು?”

“ನಲವತ್ಮೂರೂ.”

ಆ ದಿನ ಮೊದಲ ಬಾರಿಗೆ ಅವರು ‘ನಿಧಾನ’ ಅನ್ನಲಿಲ್ಲ. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, “ಎಲ್ಲಿ ನಿಂತು ಎಬ್ಬಿಸ್ದೆ?” ಎಂದು ಕೇಳಿದರು. ತೋರಿಸಿದೆ.

“ಒಳಗೆ ಹೋಗಿ ಎಬ್ಬಿಸು ಅಂತ ಬರೆದು ಅಂಟಿಸಿದೀನಲ್ಲ.”

“ಯಾಕೆ ಒಳಗೆ ಹೋಗ್ಬೇಕು ಸರ್?” ಐದು ತಿಂಗಳಿಂದ ಕೇಳದೆ ಉಳಿದಿದ್ದ ಪ್ರಶ್ನೆ ಆಗ ಹೊರಗೆ ಬಂತು.

“ಅದು ಸೆಟ್ಟಿಂಗ್ಸ್ ಫೈಲನ್ನ ತನ್ನ ಮನೇಲಿ ಹುಡುಕಲ್ಲ. ಎಬ್ಬಿಸಿದವರು ಎಲ್ಲಿ ನಿಂತಿದಾರೋ ಅಲ್ಲಿ ಹುಡುಕುತ್ತೆ. ನೀನು ನಿನ್ನ ಫೋಲ್ಡರಲ್ಲಿ ನಿಂತಿದ್ದೆ, ಅಲ್ಲಿ ಅದೇ ಹೆಸರಿನ ಫೈಲಿತ್ತು. ಅದನ್ನೇ ಓದ್ಕೊಂಡು ಖುಷಿಯಾಗಿ ಎದ್ದಿದೆ.”

“ಅಲ್ಲಿ ಫೈಲು ಇಲ್ದೇ ಇದ್ದಿದ್ರೆ?”

“ಏಳ್ತಾನೇ ಇರ್ಲಿಲ್ಲ. ನಮ್ಮ ಗ್ರಹಚಾರ, ಇತ್ತು.”

ಸರಿಯಾದ ಫೋಲ್ಡರಿನಿಂದ ಮತ್ತೆ ಎಬ್ಬಿಸಿ ಮೆಸೇಜು ಕಳಿಸಿದರೆ ಮುಗಿಯಿತು ಎಂದುಕೊಂಡೆವು. ಎಬ್ಬಿಸಿದೆವು. ಕಳಿಸಿದೆವು. ಒಂದೂ ಹೋಗಲಿಲ್ಲ. ಒಂದೇ ನಿಮಿಷದಲ್ಲಿ ಒಂದೇ ನಂಬರಿಗೆ ನಲವತ್ಮೂರು ಮೆಸೇಜು ಸುರಿದದ್ದನ್ನು ಕಂಡು ಮೆಸೇಜಿನ ಕಂಪನಿಯವರು ನಮ್ಮನ್ನು ಕಿಡಿಗೇಡಿಗಳೆಂದು ತಡೆದಿದ್ದರು. ನಿಧಾನಪ್ಪ ಅವರಿಗೆ ಫೋನು ಮಾಡಿ ಬೇಡಿಕೊಂಡರು, ಗದರಿದರು, ಮತ್ತೆ ಬೇಡಿಕೊಂಡರು. ಕಂಪನಿಯವರು ನಾಳೆ ಹತ್ತಕ್ಕೆ ತಡೆ ತೆಗೆಯುತ್ತೇವೆ ಎಂದರು. ಡಾಕ್ಟರು ಕೂರುವುದು ಒಂಬತ್ತಕ್ಕೆ.

ಆಫೀಸಿನ ಒಡತಿ ಮೇಡಂ ಎಲ್ಲ ಕೇಳಿದ ಮೇಲೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪಟ್ಟಿಯನ್ನು ಪ್ರಿಂಟ್ ತೆಗೆದು ಅಡ್ಡ ಗೆರೆ ಎಳೆದರು. “ನಿಧಾನಪ್ಪ, ನೀವು ಇಪ್ಪತ್ತು. ನೀನು ಇಪ್ಪತ್ಮೂರು. ಸಂಜೆ ಒಳಗೆ ಒಬ್ರನ್ನೂ ಬಿಡದ ಹಾಗೆ ಫೋನು ಮಾಡಿ ಹೇಳ್ಬೇಕು. ಬಿಟ್ರೆ ಅವರಿಗೆ ಇನ್ನೊಂದು ತಿಂಗಳು ಕತ್ತಲೆ. ‘ತಾಂತ್ರಿಕ ತೊಂದರೆ’ ಅನ್ನಿ, ಸಾಕು.”

ಗೊತ್ತಿಲ್ಲದ ಮನೆಗೆ ಫೋನು ಮಾಡಿ ಮಾತಾಡುವುದೆಂದರೆ ನನಗೆ ಮೈ ಬೆವರುತ್ತದೆ. ಗ್ಯಾಸಿನವನಿಗೂ ದೊಡ್ಡಮ್ಮನ ಕೈಯಲ್ಲೇ ಫೋನು ಮಾಡಿಸುವವಳು ನಾನು. ಚೀಲದಿಂದ ಡೈರಿ ತೆಗೆದು ಕೊನೆಯ ಪುಟದಲ್ಲಿ ಹೇಳಬೇಕಾದದ್ದನ್ನು ಬರೆದುಕೊಂಡೆ: ನಮಸ್ಕಾರ, ಕಣ್ಣಿನ ಆಸ್ಪತ್ರೆಯ ಕಡೆಯಿಂದ. ಆಮೇಲೆ ಮೀಟಿಂಗ್ ಕೋಣೆಯ ಬಾಗಿಲು ಹಾಕಿಕೊಂಡೆ.

ಮೊದಲನೆಯವರು “ನಮಗೇನೂ ಬೇಡಮ್ಮ” ಎಂದು ಇಟ್ಟುಬಿಟ್ಟರು. ಬರೆದುಕೊಂಡಿದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮತ್ತೆ ಮಾಡಿ, ನಮಸ್ಕಾರ ಬಿಟ್ಟು, “ನಿಮ್ಮ ಪೊರೆ ಡಾಕ್ಟರು ನಾಳೆಗೇ ಬರೋಕೆ ಹೇಳಿದಾರೆ” ಎಂದು ಒಂದೇ ಉಸಿರಿಗೆ ಹೇಳಿದೆ. “ಹಾಗೆ ಹೇಳು ಮತ್ತೆ” ಅಂದರು.

ಒಬ್ಬರು ತಿಂಡಿ ತಿಂದು ಬರಬಹುದೇ ಎಂದು ಕೇಳಿದರು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದು ಆಸ್ಪತ್ರೆಗೆ ಇನ್ನೊಂದು ಫೋನು ಮಾಡಿದೆ. ಒಬ್ಬ ಸೊಸೆ, “ಅತ್ತೆಗೆ ನೀವೇ ಹೇಳಿ, ನಾನು ಹೇಳಿದ್ರೆ ಬೇಕಂತ ತಾರೀಖು ತಪ್ಪಿಸ್ತಿದೀನಿ ಅಂತಾರೆ” ಎಂದು ಅತ್ತೆಯ ಕೈಗೆ ಫೋನು ಕೊಟ್ಟಳು. ಅತ್ತೆ, “ಧ್ವನಿ ಮೇಲೆ ಮಾಡ್ಕೊ ತಾಯಿ. ಕಣ್ಣು ಹೋಗಿರೋದು ಒಂದೇ ಅಲ್ಲ” ಅಂದರು. ನಾನು ಕೂಗಿದೆ. ಗಾಜಿನಾಚೆ ಮೇಡಂ ತಲೆಯೆತ್ತಿ ನೋಡಿದರು. ಐದು ತಿಂಗಳಲ್ಲಿ ಆ ಆಫೀಸಿನವರು ನನ್ನ ದನಿಯನ್ನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

ಐದೂವರೆಯ ಹೊತ್ತಿಗೆ ನಿಧಾನಪ್ಪನವರ ಇಪ್ಪತ್ತೂ ಮುಗಿದಿತ್ತು. ನನ್ನಲ್ಲಿ ಒಂದು ಉಳಿದಿತ್ತು, ನನ್ನ ಪಾಲಿನ ಹದಿನೇಳನೆಯದು. ಒಂಬತ್ತು ಸಲ ಮಾಡಿದ್ದೆ. ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

“ವಿಳಾಸ ಇದೆಯಾ?” ನಿಧಾನಪ್ಪ ಕೇಳಿದರು.

ಇತ್ತು. ಗಡಿಯಾರ ರಿಪೇರಿ ಅಂಗಡಿ, ಅಂಚೆ ಕಚೇರಿಯ ಹಿಂದಿನ ಬೀದಿ. ನನ್ನ ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ. “ನಾನೇ ಹೋಗಿ ಹೇಳ್ತೀನಿ” ಅಂದೆ.

ಎರಡು ನಿಲ್ದಾಣ ಮೊದಲೇ ಇಳಿದೆ. ಬೀದಿ ಇಕ್ಕಟ್ಟಾಗಿತ್ತು. ಒಂದು ಬೀಗದ ಅಂಗಡಿ, ಒಂದು ಚಪ್ಪಲಿ ಅಂಗಡಿ, ಅವೆರಡರ ನಡುವೆ ಒಬ್ಬರು ಕೂರುವಷ್ಟೇ ಅಗಲದ ಗಡಿಯಾರದ ಅಂಗಡಿ. ಬಾಗಿಲಿಗೆ ರಟ್ಟಿನ ಬೋರ್ಡು ನೇತುಹಾಕಿತ್ತು: ‘ಗುರುವಾರ ಅಂಗಡಿ ಇರುವುದಿಲ್ಲ.’ ಒಳಗೆ ದೀಪದ ಕೆಳಗೆ ಒಬ್ಬ ಮುದುಕರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದರು. ಎಡಗಣ್ಣು ಪೊರೆ ಬಂದು ಬೆಳ್ಳಗಾಗಿತ್ತು.

“ಮುಚ್ಚೋ ಹೊತ್ತಾಯ್ತು. ಏನು, ಸೆಲ್ಲಾ?”

“ಅಲ್ಲ ಅಜ್ಜ. ಆಸ್ಪತ್ರೆ ವೆಬ್‌ಸೈಟಿನ ಆಫೀಸಿಂದ ಬಂದಿದೀನಿ. ಗುರುವಾರ ಡಾಕ್ಟರು ಇರಲ್ಲ. ನಾಳೆ ಒಂಬತ್ತಕ್ಕೆ ಬರ್ಬೇಕಂತೆ.”

ಅವರು ಭೂತಗನ್ನಡಿ ತೆಗೆದರು. “ಇಷ್ಟು ಹೇಳೋಕೆ ಮನುಷ್ಯರನ್ನ ಕಳಿಸಿದ್ರಾ? ಫೋನು ಮಾಡ್ಬಾರ್ದಿತ್ತಾ?”

“ಒಂಬತ್ತು ಸಲ ಮಾಡಿದೆ.”

ಅವರು ಮೇಜಿನ ಸೆಳೆಖಾನೆ ಎಳೆದು ಫೋನು ತೆಗೆದರು. “ಓ, ಹೌದಲ್ಲ. ಕೆಲಸ ಮಾಡುವಾಗ ಇದರಲ್ಲಿ ಹಾಕಿ ಮುಚ್ಚಿಬಿಡ್ತೀನಿ. ಅದು ಅದುರಿದ್ರೆ ನನ್ನ ಕೈ ಅದುರುತ್ತೆ. ಸಂಜೆ ಮೆಸೇಜು ಮಾತ್ರ ಮೊಮ್ಮಗಳ ಹತ್ರ ಓದಿಸ್ತೀನಿ. ಮೆಸೇಜು ಯಾಕೆ ಹಾಕ್ಲಿಲ್ಲ?”

ತಾಂತ್ರಿಕ ತೊಂದರೆ ಎಂಬ ಮಾತು ಇಪ್ಪತ್ತೆರಡು ಸಲ ಹೇಳಿ ಬಾಯಿಪಾಠವಾಗಿತ್ತು. ಎದುರಿಗೆ ಆ ಕಣ್ಣು ನೋಡುತ್ತಿದ್ದಾಗ ಅದು ಬಾಯಿಗೆ ಬರಲಿಲ್ಲ.

“ನನ್ನ ತಪ್ಪು ಅಜ್ಜ. ಎಲ್ಲರ ಮೆಸೇಜೂ ನಮ್ಮ ದೊಡ್ಡಮ್ಮನಿಗೆ ಹೋಯ್ತು. ಪ್ರೋಗ್ರಾಂ ಶುರು ಮಾಡುವಾಗ ನಾನು ತಪ್ಪು ಜಾಗದಲ್ಲಿದ್ದೆ. ಅದು ಅಲ್ಲಿದ್ದ ಬೇರೆ ಫೈಲು ನೋಡ್ಕೊಂಡು ಶುರುವಾಯ್ತು.”

ಅರ್ಥವಾಗಲಾರದು ಎಂದುಕೊಂಡಿದ್ದೆ. ಅವರು ತಲೆ ಆಡಿಸಿದರು. ಸುತ್ತ ಗೋಡೆಯ ಮೇಲೆ ಮೂವತ್ತೋ ನಲವತ್ತೋ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. “ನಾನೂ ಮಾಡಿದೀನಿ. ಒಂದು ಗಡಿಯಾರ ಸರಿ ಮಾಡಿ, ಪಕ್ಕದಲ್ಲಿ ಕೆಟ್ಟಿದ್ದ ಇನ್ನೊಂದನ್ನ ನೋಡಿ ಮುಳ್ಳು ತಿರುಗಿಸಿ ಕೊಟ್ಟೆ. ಚೆನ್ನಾಗೇ ಓಡ್ತಿತ್ತು, ಅದೇ ತೊಂದರೆ. ನಿಂತಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಆ ಮನುಷ್ಯ ರೈಲು ತಪ್ಪಿಸ್ಕೊಂಡ.” ಆಮೇಲೆ ರಟ್ಟಿನ ಬೋರ್ಡನ್ನು ನನ್ನ ಕೈಗೇ ಕೊಟ್ಟರು. “ಹಿಂದುಗಡೆ ‘ಬುಧವಾರ’ ಅಂತ ಬರೀ. ದಪ್ಪಗೆ ಬರೀ.”

ಬರೆದು ನೇತುಹಾಕಿ ಬಂದೆ.

ಮನೆಯಲ್ಲಿ ದೊಡ್ಡಮ್ಮ ಒಂದು ಅಂಗಿಗೆ ಕತ್ತರಿ ಹಾಕಲು ಕೂತಿದ್ದಳು. ಅಳತೆ ಪುಸ್ತಕವನ್ನು ಕಣ್ಣಿಗೆ ಅಂಟಿಸಿಕೊಳ್ಳುವಷ್ಟು ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು: “ಮೇಷ್ಟ್ರ ಮಗಳು, ಹೋದ ತಿಂಗಳ ಅಳತೆ, ತೋಳು ಹದಿನೆಂಟು.” ಯಾರೂ ಇಲ್ಲದಿದ್ದರೂ ಹೀಗೇ ಓದುತ್ತಾಳೆ. ಚಿಕ್ಕಂದಿನಿಂದ ಕೇಳಿದ್ದೇನೆ.

“ಯಾರಿಗೆ ಹೇಳ್ತೀಯಾ ದೊಡ್ಡಮ್ಮ?”

“ನನಗೇ. ಯಾವ ಪುಟ ತೆಗೆದಿದೀನಿ ಅಂತ ನನ್ನ ಕಿವಿಗೆ ಬೀಳ್ಲಿ ಅಂತ. ಬಟ್ಟೆ ಕತ್ತರಿಸಿದ ಮೇಲೆ ಪುಟ ತಿರುಗಿಸಿ ಏನು ಬಂತು?”

ಬುಧವಾರ ಎಂಟಕ್ಕೇ ಆಫೀಸಿಗೆ ಹೋದೆ. ನಿಧಾನಪ್ಪ ಆಗಲೇ ಬಂದಿದ್ದರು. ಪ್ರೋಗ್ರಾಂ ತನ್ನ ಪಕ್ಕದಲ್ಲಿರುವ ಫೈಲನ್ನೇ ಓದುವಂತೆ, ಓದಿದ ಕೂಡಲೇ ಯಾವ ಫೋಲ್ಡರಿನ ಯಾವ ಫೈಲು, ಪರೀಕ್ಷೆಯ ನಂಬರು ಇದೆಯೋ ಇಲ್ಲವೋ ಎಂದು ತೆರೆಯ ಮೇಲೆ ಬರೆಯುವಂತೆ ಬದಲಾಯಿಸಬಹುದೇ ಎಂದು ಕೇಳಿದೆ. ಎದ್ದು ಹೋಗಿ, ಬಾಯಿಬಿಟ್ಟು ಕೇಳಿದೆ.

“ನಾಲ್ಕು ಸಾಲಿನ ಕೆಲಸ,” ಅಂದರು. ಗೋಡೆಯ ಚೀಟಿಯತ್ತ ತಿರುಗಿ ನೋಡಿ, “ಏಳು ವರ್ಷದಿಂದ ಚೀಟಿ ಅಂಟಿಸ್ಕೊಂಡು ಕೂತಿದೀನಿ ನೋಡು” ಎಂದರು. ನಾನು ಬರೆದೆ. ಅವರು ನೋಡಿದರು. ಬೇಕೆಂದೇ ನನ್ನ ಫೋಲ್ಡರಿನಲ್ಲಿ ನಿಂತು ಎಬ್ಬಿಸಿದೆವು. ಸರಿಯಾದ ಫೈಲಿನ ಹೆಸರು ಬಂತು. ಪರೀಕ್ಷೆಯ ನಂಬರು: ಇಲ್ಲ.

ಎಂಟು ಐವತ್ತಕ್ಕೆ ಆಸ್ಪತ್ರೆಯವರು ವೆಬ್‌ಸೈಟಿನ ಪಟ್ಟಿಯಲ್ಲಿ ಬಂದವರ ಹೆಸರಿಗೆ ಗುರುತು ಹಾಕತೊಡಗಿದರು. ಮೊದಲ ಗುರುತು ಬಿದ್ದದ್ದು ನನ್ನ ಹದಿನೇಳನೆಯವರಿಗೆ, ಗಡಿಯಾರದ ಅಜ್ಜನಿಗೆ. ಒಂಬತ್ತೂವರೆಗೆ ನಲವತ್ಮೂರರಲ್ಲಿ ನಲವತ್ತೆರಡು ಆಗಿತ್ತು. ಉಳಿದ ಒಬ್ಬರು ‘ನನಗೆ ಹೆದರಿಕೆ, ಬರುವುದಿಲ್ಲ’ ಎಂದು ಹಿಂದಿನ ದಿನವೇ ನಿಧಾನಪ್ಪನವರಿಗೆ ಹೇಳಿದ್ದರು.

ಹತ್ತಕ್ಕೆ ಮೆಸೇಜಿನ ತಡೆ ತೆಗೆದರು. ಸರಿಯಾಗಿ ಹೋಗುತ್ತದೆಯೇ ಎಂದು ಒಂದು ಕಳಿಸಿ ನೋಡಬೇಕಿತ್ತು. ನಾನು ವೆಬ್‌ಸೈಟಿನಲ್ಲಿ ಇನ್ನೊಬ್ಬ ಡಾಕ್ಟರ ಪಟ್ಟಿ ತೆರೆದು ಶನಿವಾರಕ್ಕೆ ಒಂದು ಹೊಸ ಹೆಸರು ಸೇರಿಸಿದೆ.

ಎರಡು ನಿಮಿಷಕ್ಕೆ ಫೋನು ಬಂತು.

“ಮತ್ತೆ ಒಂದು ಬಂತಲ್ಲೇ! ಇನ್ನೂ ಸರಿ ಮಾಡಿಲ್ವಾ ನೀವು?”

“ಸರಿ ಮಾಡಿದೀವಿ ದೊಡ್ಡಮ್ಮ. ಇದು ನಿನಗೇ.”