ಹೆಕ್ಟರ್ ದೊರೆಯ ಕೈಕೋಲು

ನಾನು ಹುಟ್ಟಿದ್ದು ಸ್ಕಾಟ್ಲೆಂಡಿನ ಒಂದು ಬೆಟ್ಟದ ತಪ್ಪಲಲ್ಲಿ, ಹೇಜಲ್ ಮರದ ಕೊಂಬೆಯಾಗಿ. ಕುರಿ ಕಾಯುವ ಫರ್ಕರ್ ನನ್ನನ್ನು ಕಡಿದು, ಒಂದು ಚಳಿಗಾಲವಿಡೀ ಒಣಗಿಸಿ, ಟಗರಿನ ಕೊಂಬಿನ ಹಿಡಿ ಕೂರಿಸಿ ಕೈಕೋಲು ಮಾಡಿದ. ಅಷ್ಟು ಕಷ್ಟಪಟ್ಟವನು ತಾನೇ ಇಟ್ಟುಕೊಳ್ಳಬಾರದೇ? ಆ ಕಣಿವೆಗೆಲ್ಲ ಒಡೆಯನಾದ ಹೆಕ್ಟರ್ ದೊರೆಗೆ ಕಾಣಿಕೆ ಕೊಟ್ಟುಬಿಟ್ಟ.

ದೊರೆ ಕೆಟ್ಟವನೇನಲ್ಲ. ನನ್ನನ್ನು ಊರಿಕೊಂಡು ಒಕ್ಕಲುಗಳ ಮನೆಮನೆಗೂ ಹೋಗುತ್ತಿದ್ದ. ಪಾರ್ಲಿಮೆಂಟಿಗೆ ನಿಲ್ಲುವ ಹುಚ್ಚು ಹತ್ತಿದಾಗಲೂ ಮೊದಲು ಬಂದದ್ದು ಫರ್ಕರ್‌ನ ಮನೆಗೇ. ಆ ಕಡೆ ಒಲೆಯ ಬೆಂಕಿ ಆರಿಸುವ ಪದ್ಧತಿಯಿಲ್ಲ. ಅತ್ತೆ ಹೊತ್ತಿಸಿದ್ದನ್ನು ಸೊಸೆ ಬೂದಿ ಮುಚ್ಚಿ ಕಾಯಬೇಕು, ಬೆಳಿಗ್ಗೆ ಕೆದಕಿ ಎಬ್ಬಿಸಬೇಕು. ಬೆಂಕಿ ಇರುವ ತನಕ ಮನೆ ಅವರದು. ಫರ್ಕರ್‌ನ ಹೆಂಡತಿ ಮೊರಾಗ್ ಕಾಯುತ್ತಿದ್ದ ಬೆಂಕಿಗೆ ಎಂಬತ್ತು ವರ್ಷ. ಅದರ ಮುಂದೆ ಕೂತು, ತಾನಿರುವವರೆಗೆ ಈ ಕಣಿವೆಯ ಒಂದು ಒಲೆಯೂ ಆರದು ಎಂದು ದೊರೆ ಮಾತು ಕೊಟ್ಟ.

ಗೆದ್ದ. ಲಂಡನ್ನಿಗೆ ಹೋದೆವು. ಸಭೆಯೊಳಗೆ ಕೋಲು ಒಯ್ಯುವಂತಿಲ್ಲವಂತೆ, ನನ್ನನ್ನು ಬಾಗಿಲಲ್ಲೇ ಕೊಡೆಗಳ ಜೊತೆ ನಿಲ್ಲಿಸಿದರು. ಒಳಗೆ ಅವನು ಏನು ಮಾತಾಡಿದನೋ ದೇವರೇ ಬಲ್ಲ. ಮನೆಯಲ್ಲಿ ಮಾತ್ರ ಎಲ್ಲ ಕೇಳಿಸುತ್ತಿತ್ತು. ಮಂತ್ರಿಗಿರಿ ಕೊಡಿಸಬಲ್ಲ ದೊಡ್ಡ ಮನುಷ್ಯನೊಬ್ಬನಿಗೆ ಜಿಂಕೆ ಬೇಟೆಗೆಂದು ಖಾಲಿ ಕಣಿವೆ ಬೇಕಿತ್ತು. ದೊರೆ ಮೂರು ದಿನ ಊಟ ಬಿಟ್ಟು ಒದ್ದಾಡಿದ. ನಾಲ್ಕನೆಯ ದಿನ ಒಕ್ಕಲುಗಳನ್ನು ಎಬ್ಬಿಸುವ ಕಾಗದಕ್ಕೆ ಸಹಿ ಹಾಕಿದ. ಕುರ್ಚಿಗೆ ಒರಗಿಕೊಂಡೇ ನಾನು ನೋಡಿದೆ. ಜಾರಿ ಬಿದ್ದು ಸದ್ದಾದರೂ ಮಾಡೋಣವೆಂದರೆ ಅದೂ ನನ್ನ ಕೈಲಿಲ್ಲ.

ಒಕ್ಕಲೆಬ್ಬಿಸುವ ದಿನ ಅಮೀನರ ಜೊತೆ ದೊರೆಯೂ ಬಂದ. ಫರ್ಕರ್ ಸಾಮಾನು ಹೊರಗಿಡುತ್ತಿದ್ದ. ಒಬ್ಬ ಅಮೀನ ನೀರಿನ ಬಕೆಟ್ ಎತ್ತಿಕೊಂಡು ಒಲೆಯ ಕಡೆ ನಡೆದಾಗ ಮೊರಾಗ್ ಅಡ್ಡ ನಿಂತಳು.

"ಅವರ ಕೈಲಿ ಬ್ಯಾಡ, ದೊರೆ," ಅಂದಳು. "ಮಾತು ಕೊಟ್ಟೋರು ನೀವು. ಆರ್ಸೋದಾದ್ರೆ ನೀವೇ ಆರ್ಸಿ."

ಬೇಡವೆನ್ನುವ ಧೈರ್ಯವೂ ದೊರೆಗಿರಲಿಲ್ಲ. ನನ್ನನ್ನೇ ಒಲೆಗೆ ಚಾಚಿ ಕೆಂಡಗಳನ್ನು ಚದುರಿಸಿದ, ಒಂದೊಂದನ್ನೂ ಬೂದಿಗೆ ಒತ್ತಿ ಒತ್ತಿ ಆರಿಸಿದ. ಅಯ್ಯೋ, ನನ್ನನ್ನು ಕೆತ್ತಿದವನ ಮನೆಯ ಬೆಂಕಿ ಅದು! ಫರ್ಕರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನನ್ನ ತುದಿ ಕಪ್ಪಾಯಿತು, ಅಷ್ಟೇ.

ದೊರೆ ಮಂತ್ರಿಯಾದ, ಮುದುಕನಾದ, ಸತ್ತ. ನಾನೀಗ ಅವನ ಬಂಗಲೆಯ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದೇನೆ. ನೋಡಲು ಬಂದವರು ತುದಿ ಯಾಕೆ ಸುಟ್ಟಿದೆ ಎಂದು ಕೇಳುತ್ತಾರೆ. ಹಳೆಯದಲ್ಲವೇ ಎನ್ನುತ್ತಾನೆ ಕಾವಲುಗಾರ. ನಾನು ಒಣಮರ. ಆವತ್ತು ಆ ಕೆಂಡಕ್ಕೆ ಹತ್ತಿಕೊಂಡಿದ್ದರೆ ಮೊರಾಗ್‌ಳ ಬೆಂಕಿ ನನ್ನ ಮೈಯಲ್ಲಾದರೂ ಒಂದಿಷ್ಟು ಹೊತ್ತು ಉಳಿಯುತ್ತಿತ್ತು. ಅಷ್ಟೂ ನನ್ನಿಂದಾಗಲಿಲ್ಲ.