ಪೂಜೆ ಮಾಡಿಸಿಕೊಂಡ ಕಾಲ್ಚೆಂಡು

ನನ್ನನ್ನು ಮಾಡಲು ಹಿಡಿದದ್ದು ಮೂವತ್ತೆರಡು ತುಂಡು ರೆಕ್ಸಿನ್, ಆರುನೂರಕ್ಕೂ ಹೆಚ್ಚು ಹೊಲಿಗೆ, ಮೂರು ತಾಸು. ಹೊಲಿದ ಹೆಂಗಸಿಗೆ ಸಿಕ್ಕ ಕೂಲಿಯಲ್ಲಿ ಎರಡು ಚಹಾ, ಒಂದು ಬ್ರೆಡ್ಡು ಬರುತ್ತಿತ್ತು. ಅಂಗಡಿಯಲ್ಲಿ ನನ್ನ ಬೆಲೆ ಒಂಬೈನೂರು. ಮುಂದೆ ನನ್ನನ್ನು ಕೂರಿಸಿದ ವೇದಿಕೆಯ ಬ್ಯಾನರಿನ ಖರ್ಚಿನಲ್ಲಿ ನನ್ನಂಥ ಹನ್ನೊಂದು ಚೆಂಡು ಬರುತ್ತಿದ್ದವು, ಒಂದು ತಂಡದ ಆಟಗಾರರಿಗೆ ತಲೆಗೊಂದರಂತೆ. ಈ ಲೆಕ್ಕ ನನಗೆ ಯಾರೂ ಕಲಿಸಲಿಲ್ಲ. ಸುಮ್ಮನೆ ಕೂತವರಿಗೆ ಲೆಕ್ಕ ತಾನಾಗಿ ಬರುತ್ತದೆ.

ನಾನು ಒಂದು ಕಾಲ್ಚೆಂಡು. ಹುಟ್ಟಿದ್ದು ಜಲಂಧರದ ಒಂದು ಓಣಿಯಲ್ಲಿ. ಗಾಳಿ ತುಂಬಿ ಪರೀಕ್ಷಿಸಿ, ಮತ್ತೆ ಗಾಳಿ ತೆಗೆದು, ರೊಟ್ಟಿಯಂತೆ ಚಪ್ಪಟೆ ಮಾಡಿ ಚೀಲಕ್ಕೆ ತುರುಕಿದರು. ದಾರಿಯುದ್ದಕ್ಕೂ ನನಗೆ ಇದ್ದದ್ದು ಒಂದೇ ಆಸೆ: ಯಾರಾದರೂ ಒದೆಯಬೇಕು. ಬೇರೆಯವರಿಗೆ ಅದು ಅವಮಾನ, ನನಗೆ ಬದುಕು.

ಬಂದಿಳಿದದ್ದು ಧಾರವಾಡದ ಹೊರಗಿನ ಒಂದು ರಿಸಾರ್ಟಿಗೆ. ಅಲ್ಲಿ ಐದು ದಿನದ ಯುವ ನಾಯಕತ್ವ ತರಬೇತಿ. ಆಟದ ಮೂಲಕ ಊರುಗಳನ್ನು ಮೇಲೆತ್ತುವುದು, ದೇಶಗಳನ್ನು ಬೆಸೆಯುವುದು ಹೇಗೆಂದು ಕಲಿಸುತ್ತಾರಂತೆ. ಆರು ದೇಶಗಳಿಂದ ಮೂವತ್ತು ಮಂದಿ ಬಂದಿದ್ದರು. ನಡೆಸುವವರು ಚಿದಂಬರ ಎಂಬ ಸಂಘಟಕರು. ಪಾಠ ಹೇಳುವವಳು ಹೊರದೇಶದ ಇಂಗ್ರಿಡ್.

ಮೊದಲ ದಿನ ಚಿದಂಬರ ನನಗೆ ಮತ್ತೆ ಗಾಳಿ ತುಂಬಿಸಿ ಹಿತ್ತಾಳೆ ತಟ್ಟೆಯಲ್ಲಿಟ್ಟರು. ಕುಂಕುಮ ಹಚ್ಚಿದರು, ಸೇವಂತಿಗೆ ಮಾಲೆ ಹಾಕಿದರು. ಮುಖ್ಯ ಅತಿಥಿ ಕಾಯಿ ಒಡೆದಾಗ ಅದರ ನೀರು ನನ್ನ ಹೊಲಿಗೆಯೊಳಗೆ ಇಳಿಯಿತು. ಇರಲಿ, ಹೊಸ ಲಾರಿಗೂ ಪೂಜೆ ಮಾಡುತ್ತಾರೆ, ಆಮೇಲೆ ಓಡಿಸುತ್ತಾರೆ ಎಂದುಕೊಂಡೆ.

ಆಗ ಗದಗ-ಬೆಟಗೇರಿಯಿಂದ ಬಂದಿದ್ದ ದ್ಯಾಮವ್ವ ಎಂಬ ಹುಡುಗಿ ಎದ್ದು ನಿಂತಳು.

“ಸರ್, ಇನ್ನ ಆಡೂಣಲ್ರಿ?”

“ಏ ತಂಗಿ, ಪೂಜಿ ಆದದ್ದನ್ನ ಕಾಲಾಗ ಒದೀತಿಯೇನು? ಲಕ್ಷ್ಮೀ ಇದ್ದಂಗ ಅದು. ಕೈಯಾಗ ಹಿಡೀರಿ,” ಎಂದರು ಚಿದಂಬರ.

“ಕೈಯಾಗ ಹಿಡದ್ರ ಫೌಲ್ ಆಗತೈತ್ರಿ ಸರ್.”

ಸಭೆ ನಕ್ಕಿತು. ಚಿದಂಬರ ನಗಲಿಲ್ಲ. ಇಂಗ್ರಿಡ್ ವಿಷಯ ತಿಳಿದುಕೊಂಡು, ಬಹಳ ಸಂತೋಷದಿಂದ, ಸ್ಥಳೀಯ ಸಂಸ್ಕೃತಿಗೆ ಗೌರವ ಎಂದು ಚಾರ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು.

ಅಲ್ಲಿಂದ ನಾನು ಕೈಯಿಂದ ಕೈಗೆ ಹೋದೆ. ನನ್ನನ್ನು ಹಿಡಿದವರು ಮಾತಾಡಬೇಕು, ಉಳಿದವರು ಕೇಳಬೇಕು. ಬಿಸ್ಕೀಟಿನ ಪುಡಿ ಮೆತ್ತಿದ ಬೆವರು ಅಂಗೈಗಳು. ತಂಡ, ವಿಶ್ವಾಸ, ಬದಲಾವಣೆ ಎಂಬ ಮಾತುಗಳು ಕೇಳಿ ಕೇಳಿ ನನಗೆ ಕಂಠಪಾಠವಾದವು. ಕಿಟಕಿಯಾಚೆ ಹಸಿರು ಹುಲ್ಲಿತ್ತು. ಅದರಲ್ಲಿ ‘ತುಳಿಯಬೇಡಿ’ ಎಂಬ ಫಲಕವಿತ್ತು.

ದ್ಯಾಮವ್ವ ತನ್ನ ಸಂಕಟ ಹೇಳಿಕೊಂಡದ್ದು ನನ್ನ ತಟ್ಟೆಯ ಪಕ್ಕದಲ್ಲೇ ಕಸ ಗುಡಿಸುತ್ತಿದ್ದ ಫಕೀರಪ್ಪನ ಹತ್ತಿರ. ಅವನು ಚಿದಂಬರ ಅವರ ಸಂಸ್ಥೆಯ ಆಳು. ಅವಳು ಊರಿನ ಹಳೆಯ ಅರಳೆ ಮಿಲ್ಲಿನ ಹಿಂದಿನ ಬಯಲಲ್ಲಿ ಹದಿನಾಲ್ಕು ಹುಡುಗಿಯರಿಗೆ ಆಟ ಕಲಿಸುತ್ತಿದ್ದಳು. ಇದ್ದ ಒಂದೇ ಚೆಂಡು ಜಾಲಿ ಮುಳ್ಳಿಗೆ ಸಿಕ್ಕಿ ಹರಿದಿತ್ತು. ತರಬೇತಿಯ ಕೊನೆಯ ದಿನ ಪ್ರತಿಯೊಬ್ಬರಿಗೂ ಎರಡು ಚೆಂಡು, ಒಂದು ಪಂಪು ಇರುವ ಚೀಲ ಕೊಡುತ್ತಾರೆಂದು ತರಬೇತಿಗೆ ಕರೆದ ಪತ್ರದಲ್ಲಿತ್ತು. ಅದಕ್ಕೇ ಬಂದಿದ್ದಳು.

“ಕಾಕಾ, ಮುಂದಿನ ಐತವಾರ ನಮ್ಮ ಮ್ಯಾಚ್ ಐತಿ, ಚೆಂಡು ನಾವ ತರಬೇಕು. ಒಂದ ಮ್ಯಾಚ್ ಆಡಿ ತೋರಸ್ರಿ, ಆಮ್ಯಾಲೆ ನೋಡೂಣು ಅಂದಾರ ಹುಡುಗ್ಯಾರ ಅಪ್ಪಂದ್ರು. ಆಡಲಿಲ್ಲಂದ್ರ ಮುಗೀತು, ಮತ್ತ ಯಾರೂ ಕಳಸಂಗಿಲ್ಲ.”

“ಈಗ ಏನ ಇಟಗೊಂಡು ಆಡ್ತಾರವ್ವಾ?”

“ಹರಕ ಚೆಂಡಿನಾಗ ಅರಿವಿ ತುಂಬೇವ್ರಿ. ಒದ್ದರ ಚೆಂಡು ಅಲ್ಲೇ ಇರತೈತಿ, ನಾವ ಮುಂದ ಹೋಗಿ ಬೀಳ್ತೀವಿ.”

ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಹೋಳಿಗೆಗೆ ಸಾಲು ಹಚ್ಚಿದ್ದರು. ದ್ಯಾಮವ್ವ ನನ್ನನ್ನು ತಟ್ಟೆಯಿಂದ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಓಢಣಿಯಿಂದ ಕುಂಕುಮ ಒರೆಸಿದಳು. ಎರಡೂ ಕಣ್ಣಿಗೆ ಒತ್ತಿಕೊಂಡಳು. ನೆಲಕ್ಕಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಒದ್ದಳು.

ನಾನು ಹಾರಿದೆ. ಕಾಂಪೌಂಡ್ ಗೋಡೆಗೆ ಬಡಿದು ಸೀದಾ ಅವಳ ಕಾಲಿಗೇ ಮರಳಿದೆ. ನಾನು ಯಾಕೆ ಹುಟ್ಟಿದೆನೆಂದು ನನಗೆ ಗೊತ್ತಾದದ್ದು ಆಗಲೇ.

“ಭಲೇ ಹೆಣ್ಮಗಳ!” ಎಂದ ಅಲ್ಲೇ ಕಸ ಸುರಿಯುತ್ತಿದ್ದ ಫಕೀರಪ್ಪ.

ಚಿದಂಬರ ಊಟದ ತಟ್ಟೆ ಹಿಡಿದೇ ಓಡಿ ಬಂದರು. “ಏನವಾ ಇದು? ನಾಳೆ ದೊಡ್ಡವರು ಸಹಿ ಮಾಡೂ ಚೆಂಡದು!”

“ಒಂದ ಸಲ ಒದ್ದೇನ್ರಿ ಸರ್. ಗಾಳಿ ಏನೂ ಹೋಗಿಲ್ಲ.”

“ಶಿಸ್ತು ಇಲ್ಲದಾಕಿ ನಾಯಕಿ ಆಗ್ತಾಳೇನು?” ಎಂದು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಹೇಳಿದರು.

ಚೀಲದ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಬಿತ್ತು. ಮರುದಿನ ಅವಳಿಗೆ ಪ್ರಮಾಣಪತ್ರ ಮಾತ್ರ ಸಿಕ್ಕಿತು. ಅವಳ ಚೀಲವನ್ನು, ತಂಡವೆಂದರೆ ಕುಟುಂಬ ಎಂದು ಚೆನ್ನಾಗಿ ಮಾತಾಡಿದ ಒಬ್ಬ ಯುವಕನಿಗೆ ಹೆಚ್ಚುವರಿಯಾಗಿ ಕೊಟ್ಟರು. ಅವನ ಊರಲ್ಲಿ ತಂಡವೇ ಇರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಪಂಪಿನ ಸೂಜಿ ಎಲ್ಲಿಗೆ ಚುಚ್ಚುವುದೆಂದು ಡ್ರೈವರನನ್ನು ಕೇಳುತ್ತಿದ್ದ.

“ಚೀಲ ಬ್ಯಾಡ್ರಿ ಸರ್, ಒಂದ ಚೆಂಡು ಕೊಡ್ರಿ. ಹುಡುಗ್ಯಾರು ಕಾಯಾಕತ್ತಾರ,” ಎಂದಳು ದ್ಯಾಮವ್ವ.

“ಮುಂದಿನ ಬ್ಯಾಚಿಗೆ ಬಾ ತಂಗಿ. ಈಗ ಫೋಟೋಕ್ಕ ನಿಂದರು.”

ನನ್ನ ಮೈತುಂಬ ಮಾರ್ಕರಿನಲ್ಲಿ ಸಹಿ ಮಾಡಿ ಸಂಸ್ಥೆಯ ಕಚೇರಿಯ ಗಾಜಿನ ಕಪಾಟಿನಲ್ಲಿಟ್ಟರು. ಅಲ್ಲಿ ಏಳು ವರ್ಷ ಕೂತೆ. ಪಕ್ಕದಲ್ಲಿ ವರದಿಯ ಪುಸ್ತಕ. ಅದರ ರಟ್ಟಿನ ಮೇಲೆ ಪ್ರಮಾಣಪತ್ರ ಹಿಡಿದ ದ್ಯಾಮವ್ವನ ಫೋಟೋ, ಕೆಳಗೆ ‘ಆಟ ಬದಲಿಸಿದ ಬದುಕು’ ಎಂಬ ಸಾಲು. ಅದನ್ನು ನೋಡಿದಾಗಲೆಲ್ಲ, ಬಾಯಿದ್ದಿದ್ದರೆ ಉಗಿಯುತ್ತಿದ್ದೆ.

ಮೊದಲ ವರ್ಷವೇ ಅವಳ ಸುದ್ದಿ ತಂದವನು ಫಕೀರಪ್ಪ. ಅಕ್ಕನ ಮನೆಗೆಂದು ಬೆಟಗೇರಿಗೆ ಹೋಗಿ ಬಂದವನು ಗಾಜು ಒರೆಸುತ್ತ ನನಗೇ ಹೇಳಿದ: “ಆ ಐತವಾರ ಅವರು ಆಡಲಿಲ್ಲಪಾ. ಅಪ್ಪಂದ್ರು ಹೇಳಿದಂಗ ಮಾಡಿದ್ರು. ಎಲ್ಲಾರೂ ಮನ್ಯಾಗ ಕುಂತು ಊದಬತ್ತಿ ಹೊಸಿಯಾಕತ್ತಾರ. ದ್ಯಾಮವ್ವನೂ ಹೊಸೀತಾಳ.”

ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ನನ್ನನ್ನು ಮುರುಕು ಕುರ್ಚಿಗಳ ಜೊತೆ ಉಗ್ರಾಣಕ್ಕೆ ಎಸೆದರು. ಈಗ ಮೈಯಲ್ಲಿ ಗಾಳಿಯಿಲ್ಲ, ಸಹಿಗಳು ಓದಲು ಬರುವುದಿಲ್ಲ. ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ. ಜಲಂಧರದ ಆ ಹೆಂಗಸು ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಳು.

ಆ ಐದು ದಿನಗಳಿಂದ ಮೂವತ್ತು ಮಂದಿಗೆ ಪ್ರಮಾಣಪತ್ರ ಸಿಕ್ಕಿತು. ನನಗೆ ಒಂದು ಒದೆ ಸಿಕ್ಕಿತು. ಬೆಟಗೇರಿಯ ಹದಿನಾಲ್ಕು ಹುಡುಗಿಯರಿಗೆ ಸಂಜೆಯ ಬಯಲು ಹೋಯಿತು.